ಚಿರತೆ ಬರುವುದಕ್ಕೆ ಮುಂಚೆ

ಪರದೆಯ ಮೇಲೆ ಬಿಳಿ ಅಕ್ಷರ ಮೂಡಿತು, ಇದು ನಡೆದ ಕಥೆ ಅಂತ — ಮತ್ತೆ, ನಡೆಯದೆ, ಒಂದೊಂದು ಮಾತೂ ಸತ್ಯ, ಬೇಕಾದರೆ ಪಾವಗಡದ ಕೋಟೆ ಮುಟ್ಟಿ ಹೇಳುತ್ತಾನೆ ಚಿಕ್ಕನರಸಯ್ಯ, ಅವನು ಹೇಳಿದ ಕಥೆಯೇ ತಾನೆ ಇದು, ಡೈರೆಕ್ಟರ್ ಭವ್ಯ ಅವನೂರು ರಾಯಚರ್ಲಿಗೆ ಬಂದು ಮೂರು ದಿನ ಫೋನಿನಲ್ಲಿ ರೆಕಾರ್ಡು ಮಾಡಿಕೊಂಡು ಹೋದದ್ದು, ಸೋಲಾರ್ ಪಾರ್ಕಿಗೆ ನುಗ್ಗಿದ ಚಿರತೆ ಸಾವಿರ ಪ್ಯಾನೆಲ್ಲಿನಲ್ಲಿ ಸಾವಿರ ಚಿರತೆ ಕಂಡು, ಇಷ್ಟು ಜನದ ಜೊತೆ ಜಗಳ ಯಾಕೆ ಅಂತ ಕಾವಲಿಗಿದ್ದ ಚಿಕ್ಕನರಸಯ್ಯನ ಮುಂದೆ ಕಾಲು ಮಡಿಸಿ ಕೂತದ್ದು, ಅವನು ಬೀಡಿ ಕೊಟ್ಟದ್ದು, ಅದು ಬೇಡ ಅಂದದ್ದು — ಪಕ್ಕದ ಸೀಟಿನಲ್ಲಿ ಹೆಂಡತಿ ಪಟಾಲಮ್ಮ, ಇಪ್ಪತ್ತೆಂಟು ವರ್ಷದಲ್ಲಿ ಅವನ ಒಂದು ಕಥೆಯನ್ನೂ ಕೊನೆತನಕ ಕೇಳದವಳು, ಅರ್ಧಕ್ಕೇ ಸಾಕು ಬುಡಯ್ಯ ಅಂತ ಎದ್ದು ಹೋಗುವವಳು, ಇವತ್ತು ಎಲ್ಲಿಗೆ ಹೋಗುತ್ತಾಳೆ, ಥಿಯೇಟರಿನ ಬಾಗಿಲು ಹಾಕಿದೆ, ಇವತ್ತು ನಂಬದಿದ್ದರೆ ಇನ್ನು ಯಾವತ್ತೂ ನಂಬುವುದಿಲ್ಲ, ಆಕಾಶದಿಂದ ತೋರಿಸುತ್ತಿದ್ದಾರೆ, ಪ್ಯಾನೆಲ್ಲುಗಳೆಲ್ಲ ನೀಲಿ ಸಮುದ್ರ, ಚೆನ್ನಾಗಿದೆ, ಹದ್ದಿಗೂ ನಮ್ಮೂರು ಇಷ್ಟು ಚೆನ್ನಾಗಿ ಕಂಡಿರಲಿಕ್ಕಿಲ್ಲ, ಆದರೆ — ಅಯ್ಯೋ, ಆಗಲೇ ಚಿರತೆ, ಇನ್ನೂ ಕಡಲೆಕಾಯಿ ಪೊಟ್ಟಣ ಬಿಚ್ಚಿಲ್ಲ, ತಾನು ಹೇಳುವಾಗ ಮೊದಲು ಹೆಜ್ಜೆ ಗುರುತು, ಆಮೇಲೆ ವಾಸನೆ, ಆಮೇಲೆ ಟೀ ತರಿಸಬೇಕು, ಟೀ ಮುಗಿದ ಮೇಲೆ ಬಾಲದ ತುದಿ, ಇದೇನು ಮದುವೆ ಗಂಡಿನ ಹಾಗೆ ಮೈಯೆಲ್ಲ ತೋರಿಸಿಕೊಂಡು, ಮೈಮೇಲೆ ಒಂದು ಚೂರು ಧೂಳಿಲ್ಲ, ರಾಯಚರ್ಲಿನಲ್ಲಿ ಧೂಳಿಲ್ಲದ ಚಿರತೆಯನ್ನು ಯಾರು ನಂಬುತ್ತಾರೆ, ಸಾಲದ್ದಕ್ಕೆ ಢಂ ಢಂ ಡ್ರಮ್ಮು, ಈಗ ಹೆದರಿಕೊಳ್ಳಿ ಅಂತ, ಪಟಾಲಮ್ಮ ಆಕಳಿಸಿದಳು, ಅಸಲಿ ಚಿರತೆ ಇಂಗಿರ್ನಿಲ್ಲ ಕಣೆ ಅಂದರೆ ಹಿಂದಿನ ಸಾಲಿನಿಂದ ಯಾರೋ ಊರ್ಕೋ ಅಣ್ಣಾ, ಸುಮ್ಕಿರು, ಸಿನ್ಮಾ ನೋಡಾನ.

ಊರ್ಕೊಂಡ. ಈಗ ಡ್ರಮ್ಮಿಲ್ಲ, ಮಾತಿಲ್ಲ, ನಸುಕು, ಧೂಳು ಕೂತ ಪ್ಯಾನೆಲ್ಲು, ಒದ್ದೆ ಬಟ್ಟೆ ಒಂದು ಸಲ ಒರೆಸಿತು, ಆ ಪಟ್ಟಿಯಷ್ಟರಲ್ಲಿ ಒಂದು ಹಣೆ, ಇನ್ನೊಂದು ಸಲ ಒರೆಸಿತು, ಕಣ್ಣು, ಒರೆಸುವ ಹೆಂಗಸಿನ ಮುಖ ಗಾಜಿನೊಳಗಿಂದ ಪಟ್ಟಿ ಪಟ್ಟಿಯಾಗಿ ಬರುತ್ತಿದೆ — ಇದು ಪಟಾಲಮ್ಮ ಪಾರ್ಕಿನಲ್ಲಿ ದಿನಾ ಮಾಡುವ ಕೆಲಸ, ಚಿರತೆ ಬರುವುದು ತಡವಾಗಲಿ ಅಂತ ಕಥೆ ಹೇಳುವಾಗ ತಾನೇ ನಡುವೆ ಸುಮ್ಮನೆ ತುರುಕಿದ್ದ, ಈ ಭವ್ಯ ಇದನ್ನು ಯಾಕೆ ಇಷ್ಟು ಹೊತ್ತು ತೋರಿಸುತ್ತಾಳೆ, ಪಟಾಲಮ್ಮ ಮುಂದಕ್ಕೆ ಬಾಗಿದ್ದಾಳೆ, ಅಗಿಯುತ್ತಿದ್ದ ಬಾಯಿ ನಿಂತಿದೆ, ಇದು ನಿಜ ಕಣಯ್ಯ, ಮೊದ್ಲು ಹಣೇನೇ ಕಾಣೋದು, ಇದ್ನ ಯಾರ್ ಹೇಳಿದ್ದು ಆಯಮ್ಮಂಗೆ, ಇನ್ಯಾರು, ನಾನೇ ಕಣೆ — ನಿಜ ಅಂದಳು, ಇಪ್ಪತ್ತೆಂಟು ವರ್ಷಕ್ಕೆ ಮೊದಲ ಸಲ, ಇಲ್ಲಿಗೇ ನಿಲ್ಲಿಸಬೇಕು, ಚಿಕ್ಕನರಸಯ್ಯನಿಗೆ ಗೊತ್ತು, ಗೊತ್ತಿದ್ದೂ ನಾಲಗೆ — ನೋಡು, ನೀನು ಅಂಗೆ ಒರೆಸ್ತಾ ಇದ್ದಾಗ್ಲೇ ಚಿರತೆ ಹಿಂದಿನಿಂದ ಬಂದು, ನಿನ್ ಬಕೀಟಲ್ಲಿ ಬಾಲ ಅದ್ದಿ, ಪಕ್ಕದ ಪ್ಯಾನೆಲ್ನ ತಾನೇ ಒರೆಸಿ — ಪಟಾಲಮ್ಮ ಎದ್ದಳು, ಕಡಲೆಕಾಯಿ ಪೊಟ್ಟಣವನ್ನೂ ತೆಗೆದುಕೊಂಡು ಮೊದಲನೇ ಸಾಲಿಗೆ ಹೋಗಿ ಕೂತಳು, ಅವಳ ತಲೆಯಾಚೆ, ಪರದೆಯ ತುಂಬ, ಬಟ್ಟೆ ಮತ್ತೆ ಒರೆಸುತ್ತದೆ, ಹಣೆ, ಕಣ್ಣು, ಮತ್ತೆ ಹಣೆ, ಕಣ್ಣು —