ತಾರೀಖು ಹೊಸದು, ಅಂಕಿ ಹಳೆಯದು

ಆಸ್ಪತ್ರೆಯವರೆಲ್ಲ ಅವಳನ್ನು ಪಟ್ಟಿ ಮೇಡಂ ಎಂದೇ ಕರೆಯುತ್ತಿದ್ದರು. ದಿನಾ ಬೆಳಿಗ್ಗೆ ಏಳಕ್ಕೆ ಪ್ರತಿ ವಾರ್ಡಿಗೂ ಅವಳ ಪಟ್ಟಿ ಹೋಗಬೇಕು: ಯಾವ ರೋಗಿಯ ರಕ್ತದಲ್ಲಿ ಯಾವುದು ಎಷ್ಟಿದೆ ಎಂದು. ಒಬ್ಬೊಬ್ಬರಿಗೂ ಒಂದೇ ಪರೀಕ್ಷೆ ಹಲವು ಸಲ ಆಗಿರುತ್ತದೆ. ಅಷ್ಟನ್ನೂ ಕೊಟ್ಟರೆ ನೋಡುವವರ ತಲೆ ಕೆಡುತ್ತದೆ. ಅದಕ್ಕೇ ಒಂದು ಪರೀಕ್ಷೆಗೆ ಒಂದೇ ಸಾಲು, ಅದೂ ತೀರಾ ಈಚಿನದು. ಕಂಪ್ಯೂಟರಿನ ಡೇಟಾಬೇಸಿಗೆ ಹಾಗೆ ಕೇಳುವ ಪ್ರಶ್ನೆಯನ್ನು, ಅಂದರೆ ಕ್ವೆರಿಯನ್ನು, ಬರೆದವಳು ಅವಳೇ.

ಏಳನೇ ವಾರ್ಡಿನಲ್ಲಿ ರೋಗಿಯಾಗಿದ್ದ ದರ್ಜಿಯೊಬ್ಬ ತೀರಿಕೊಂಡದ್ದು ಒಂದು ಮಂಗಳವಾರ, ಊಟದ ಹೊತ್ತಿಗೆ. ಪಟ್ಟಿಯಲ್ಲಿ ಪೊಟ್ಯಾಸಿಯಂ ಕಡಿಮೆ ಎಂದಿತ್ತು. ಡಾಕ್ಟರು ಪೊಟ್ಯಾಸಿಯಂ ಡ್ರಿಪ್ ಬರೆದರು, ಹೆಡ್ ಸಿಸ್ಟರ್ ಏರಿಸಿದರು. ಅರ್ಧ ಬಾಟಲಿ ಇಳಿಯುವಷ್ಟರಲ್ಲಿ ಹೃದಯ ನಿಂತಿತು. ಆಮೇಲೆ ನೋಡಿದರೆ, ಲ್ಯಾಬಿನ ಕಾಗದದ ಪ್ರಕಾರ ಪೊಟ್ಯಾಸಿಯಂ ಆಗಲೇ ಮಿತಿಮೀರಿತ್ತು; ಅದು ಹೆಚ್ಚಾದರೆ ಹೃದಯ ನಿಲ್ಲುತ್ತದೆ. ಫೈಲಿನಲ್ಲಿದ್ದ ಕಾಗದವನ್ನು ನೋಡಲಿಲ್ಲವೆಂದು, ಇಪ್ಪತ್ತಾರು ವರ್ಷ ದುಡಿದ ಸಿಸ್ಟರನ್ನು ಅಂದೇ ಕೆಲಸದಿಂದ ತೆಗೆದರು.

ಪಟ್ಟಿ ಮೇಡಂಗೆ ಕೂತಲ್ಲಿ ಕೂರಲಾಗಲಿಲ್ಲ. ದರ್ಜಿಯ ಪೊಟ್ಯಾಸಿಯಂ ಸಾಲುಗಳನ್ನು ತೆಗೆದು ನೋಡಿದಳು. ನಾಲ್ಕಿದ್ದವು. ಪಟ್ಟಿಯಲ್ಲಿದ್ದ ತಾರೀಖು ನಾಲ್ಕನೇ ಸಾಲಿನದು, ಅಂಕಿ ಮೊದಲನೇ ಸಾಲಿನದು. ಪ್ರತಿ ರೋಗಿಯ ಕಟ್ಟಕಡೆಯ ತಾರೀಖು ಕೊಡು, ಜೊತೆಗೆ ಅಂಕಿಯನ್ನೂ ಕೊಡು ಎಂದು ಕೇಳಿದ್ದಳೇ ಹೊರತು, ಆ ತಾರೀಖಿನ ಸಾಲಿನಲ್ಲಿರುವ ಅಂಕಿಯೇ ಬೇಕು ಎಂದಿರಲಿಲ್ಲ. ಯಂತ್ರ ಕೈಗೆ ಸಿಕ್ಕ ಅಂಕಿಯನ್ನು ಎತ್ತಿ ಹೊಸ ತಾರೀಖಿನ ಪಕ್ಕ ಕೂರಿಸಿತ್ತು. ಕ್ವೆರಿಯನ್ನು ಕಡೆಯ ಸಲ ಬದಲಿಸಿದಂದಿನಿಂದ ಹತ್ತೊಂಬತ್ತು ದಿನ ಹೀಗೇ ನಡೆದಿತ್ತು. ಅದನ್ನು ಸರಿಮಾಡಿ, ಸೂಪರಿಂಟೆಂಡೆಂಟರ ಬಳಿ ಹೋಗಿ ಎಲ್ಲ ಹೇಳಿದಳು.

“ಸರಿಮಾಡಿದ್ದೀರಲ್ಲ? ಅಲ್ಲಿಗೆ ಮುಗೀತು. ಕೆದಕೋಕೆ ಹೋಗ್ಬೇಡಿ,” ಎಂದರು ಸೂಪರಿಂಟೆಂಡೆಂಟರು.

“ತಪ್ಪು ನಂದು ಸಾರ್, ಸಿಸ್ಟರದ್ದಲ್ಲ.”

“ಫೈಲ್ ನೋಡೋದು ಅವರ ಕೆಲಸ ತಾನೇ?”

ಅವಳು ಎಲ್ಲವನ್ನೂ ಬರೆದು, ಸಹಿ ಹಾಕಿ ಅವರ ಮೇಜಿನ ಮೇಲಿಟ್ಟಳು. ಅದರ ನಕಲು ಹಿಡಿದು ಸಿಸ್ಟರ ಮನೆಯ ಮೂರು ಮಹಡಿ ಹತ್ತಿದಳು. ಬಾಗಿಲು ತೆರೆದ ಸೊಸೆ ಒಳಗಿನ ಕೋಣೆ ತೋರಿಸಿದಳು.

“ಅಕ್ಕಾ, ನನ್ನ ಪಟ್ಟಿ ಸುಳ್ಳು ಹೇಳ್ತು.”

ಸಿಸ್ಟರ್ ಕಾಗದವನ್ನು ಎರಡು ಸಲ ಓದಿದರು. “ಮೊದಲೆಲ್ಲ ದಿನಾ ಫೈಲ್ ನೋಡ್ತಿದ್ದೆ ಕಣಮ್ಮ. ನಿನ್ನ ಪಟ್ಟಿ ಬಂದ್ಮೇಲೆ ಬಿಟ್ಟೆ. ತಾರೀಖು ಅವತ್ತಿಂದೇ ಇತ್ತಲ್ಲ.”

“ಇದನ್ನ ಇಟ್ಕೊಂಡು ಕೇಸ್ ಹಾಕಿ. ನಾನೇ ಬಂದು ಹೇಳ್ತೀನಿ.”

“ಹೇಳಿ ಏನ್ ಮಾಡ್ತೀಯ? ಆ ಮನುಷ್ಯ ‘ಸಿಸ್ಟರ್, ಕೈ ಉರೀತಿದೆ’ ಅಂದ. ‘ಸ್ವಲ್ಪ ತಡ್ಕೊಳಿ’ ಅಂದೆ ನಾನು. ಅದಕ್ಕೆ ಯಾವ ಕಾಗದ ತರ್ತೀಯ? ಮೊಮ್ಮಗಳ ಉಗುರು ಕತ್ತರಿಸೋಕೂ ಈಗ ಸೊಸೆನೇ ಕರೀತೀನಿ.”

ಸೊಸೆ ತಂದಿಟ್ಟ ಚಹಾ ಹಾಗೇ ಆರಿತು.

ಅವಳ ಪತ್ರಕ್ಕೆ ಉತ್ತರ ಬರಲಿಲ್ಲ. ಸಿಸ್ಟರ್ ಮತ್ತೆಂದೂ ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ. ಪಟ್ಟಿ ಮೇಡಂ ಆ ಹತ್ತೊಂಬತ್ತು ದಿನಗಳ ಪಟ್ಟಿಗಳನ್ನು ಲ್ಯಾಬಿನ ಕಾಗದಗಳ ಜೊತೆ ಒಂದೊಂದಾಗಿ ತಾಳೆ ನೋಡಿದಳು. ಅಂಕಿ ತಪ್ಪಿದ್ದವರು ನಲವತ್ತೊಂದು ಜನ. ಅವರಲ್ಲಿ ದರ್ಜಿಯಲ್ಲದೆ ಇನ್ನೂ ಆರು ಮಂದಿ ಈಗಿಲ್ಲ. ಯಾರು ಕಾಯಿಲೆಯಿಂದ ಹೋದರು, ಯಾರು ತನ್ನಿಂದ ಹೋದರು ಎಂದು ಹೇಳಬಲ್ಲವರು ಯಾರೂ ಇರಲಿಲ್ಲ. ಆ ಆರು ಹೆಸರು ಬರೆದ ಹಾಳೆ ಹಿಡಿದು, ಯಾರ ಬಾಗಿಲು ತಟ್ಟಬೇಕೋ ತಿಳಿಯದೆ ಅವಳು ಕಾರಿಡಾರಿನಲ್ಲಿ ನಿಂತೇ ಇದ್ದಳು.