ಸಾಹೇಬರ ಎದೆಯ ಮೇಲಿನ ಮೀಟರು

"ಅವರ ಮುಂದ ನಿಂತು ಅವರ ಸಂಬಳ ಕೇಳ್ತಾರೇನಣ್ಣ? ನಿನ್ನ ತಲಿ ನೆಟ್ಟಗ ಐತೇನು?"

ಚಿತ್ತವಾಡ್ಗಿಯ ನಮ್ಮ ಮನೆಯ ಹೊಸ್ತಿಲು ದಾಟುವ ಮೊದಲೇ ದುರುಗೇಶ್ ಕೂಗಾಡಿದ. ಅವನು ನನ್ನ ತಮ್ಮ. ಸಂಡೂರು ರಸ್ತೆಯ ಕಬ್ಬಿಣದ ಕಾರ್ಖಾನೆಯಲ್ಲಿ ನಾನು ಗುತ್ತಿಗೆ ಫಿಟ್ಟರ್, ಅವನು ಸೂಪರ್‌ವೈಸರ್. ಆ ದಿನ ಬೆಳಗಿನ ಪಾಳಿ ಮುಗಿಯುವ ಹೊತ್ತಿಗೆ ಎಂ.ಡಿ. ಸಾಹೇಬರು ಬಂದು, ಖರ್ಚು ಕಡಿಮೆ ಮಾಡಿ ಎಂದು ನಮಗೆಲ್ಲ ಭಾಷಣ ಮಾಡಿದ್ದರು. ಹಾಗಾದರೆ ನಿಮ್ಮ ಸಂಬಳ ಮಾತ್ರ ಈ ವರ್ಷ ಯಾಕೆ ಏರಿತು ಎಂದು ನಾನು ಕೇಳಿದೆ. ಅಷ್ಟಕ್ಕೇ ಗೇಟಿನಲ್ಲಿ ನನ್ನ ಪಾಸ್ ಕಿತ್ತುಕೊಂಡಿದ್ದರು.

"ಕೇಳಿದ್ದು ಸುಳ್ಳೇನಲೇ? ಗ್ಯಾಸ್ ಮೀಟರ್ ಕೆಟ್ರ ಹೊಸಾದು ತರ್ಸಾಕ ರೊಕ್ಕಿಲ್ಲ ಅಂತಾರ. ಆ ರೊಕ್ಕ ಉಳಿಸಿದ್ದಕ್ಕ ಆ ಮನುಷ್ಯಾಗ ಬಹುಮಾನ!"

"ಅವರ ತಲಿ ಮ್ಯಾಲ ಇಡೀ ಕಂಪ್ನಿ ಐತಿ. ಅಂಥೋರು ಕಮ್ಮಿ ಸಂಬಳಕ್ಕ ಸಿಗಂಗಿಲ್ಲ."

"ನಾವು ಸಿಗ್ತೀವಿ, ಹೌದಿಲ್ಲೋ? ನಮ್ಮ ತಲಿ ಮ್ಯಾಲ ಒಂದು ಹೆಲ್ಮೆಟ್ ಐತಿ, ಅದೂ ಸೀಳೇತಿ."

ಅವನು ಹಣೆ ಒತ್ತಿಕೊಂಡು ಕಟ್ಟೆಯ ಮೇಲೆ ಕುಳಿತ. "ಬಾಯಿ ಮುಚ್ಚಣ್ಣ. ಮುಂಜಾನಿಂದ ತಲಿ ಸಿಡ್ಯಾಕತ್ತೇತಿ."

ನನಗೂ ಸಿಡಿಯುತ್ತಿತ್ತು. ಬಿಸಿಲಿಗೆ ಎಂದುಕೊಂಡಿದ್ದೆ.

ಫರ್ನೇಸಿನ ವಿಷದ ಗ್ಯಾಸಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಕೊರಳಿಗೆ ಹಾಕಿಕೊಳ್ಳುವ ಮೀಟರ್ ಕೂಗಿದರೆ ಮಾತ್ರ ಸೋರುವುದು ಗೊತ್ತಾಗುತ್ತದೆ. ನಮ್ಮ ಕಡೆ ಸರಿಯಿದ್ದದ್ದು ಒಂದೇ ಮೀಟರು. ಅದು ಸಿಗದ ದಿನ ನನ್ನ ಹೆಂಡತಿ ರೇಣುಕಮ್ಮ ಸಾಕಿದ ಕೋಳಿಮರಿಯೊಂದನ್ನು ಬುಟ್ಟಿಯಲ್ಲಿ ಇಟ್ಟುಕೊಂಡು ಪೈಪಿನ ಹತ್ತಿರ ಹತ್ತುತ್ತಿದ್ದೆವು. ಮರಿ ಕೂಗುವವರೆಗೆ ಕೆಲಸ, ಸುಮ್ಮನಾದರೆ ಇಳಿಯಬೇಕು. ಆ ಮುಂಜಾನೆಯೂ ಮರಿಯನ್ನೇ ಒಯ್ದಿದ್ದೆವು. ಸಾಹೇಬರು ಬರುತ್ತಾರೆಂದು ಮೀಟರನ್ನು ಮೊದಲೇ ಎತ್ತಿಟ್ಟಿದ್ದರು. ಭಾಷಣ ಮಾಡುವಾಗ ಅದು ಅವರ ಎದೆಯ ಮೇಲೆ ತೂಗಾಡುತ್ತಿತ್ತು.

ಚಹಾಕ್ಕೆ ನೀರಿಟ್ಟು ಹೊರಬಂದ ರೇಣುಕಮ್ಮ ನಾನು ತಂದಿಟ್ಟ ಬುಟ್ಟಿ ತೆರೆದಳು. "ಅಯ್ಯ, ಮರಿ ಸತ್ತೈತಲ್ರಿ!"

"ಬಿಸಿಲಿಗೆ ವಾಲ್ಯಾಡ್ತಿತ್ತು. ನೀರು ಚಿಮುಕ್ಸಿದ್ವಿ, ಉಳೀಲಿಲ್ಲ."

ನಮ್ಮ ಸೀಮೆಯಲ್ಲಿ ಬೇಸಿಗೆಗೆ ಕೋಳಿಮರಿ ಸತ್ತರೆ ಬಿಸಿಲಿಗೇ ಸತ್ತಿತೆನ್ನುತ್ತಾರೆ. ಯಾರೂ ಎರಡನೇ ಮಾತು ಕೇಳುವುದಿಲ್ಲ. ಇವಳು ಕೇಳಿದಳು.

"ಯಾವಾಗ ವಾಲ್ಯಾಡ್ತು?"

"ಮ್ಯಾಲ ಹತ್ತಿದ ಕೂಡ್ಲೇ. ಇನ್ನೂ ಹೊತ್ತು ಹುಟ್ಟಿ..."

ರೇಣುಕಮ್ಮ ಮರಿಯನ್ನು ಎತ್ತಿ ಹಿಡಿದಳು.

"ಹೊತ್ತು ಹುಟ್ಟೋಕಿಂತ ಮೊದ್ಲ ಬಿಸಿಲು ಎಲ್ಲಿಂದ ಬಂತ್ರಿ?"

ನಾನು ತಮ್ಮನ ಮುಖ ನೋಡಿದೆ. ನಮ್ಮಿಬ್ಬರ ತಲೆ ಸಿಡಿದದ್ದೂ ಬಿಸಿಲಿಗಲ್ಲ. ನಾವು ಮೇಲೆ ಹತ್ತಿ ಪೈಪಿನ ಜೋಡಣೆ ನೋಡಿ ಇಳಿದಿದ್ದೆವು, ಅಷ್ಟೇ. ಬೋಲ್ಟ್ ಬಿಗಿಯುವ ಕೆಲಸ ಎರಡನೇ ಪಾಳಿಗೆ ಬಿಟ್ಟಿದ್ದೆವು.

"ಎರಡನೇ ಪಾಳಿಯಾಗ ಲಿಂಗರಾಜ್, ಗುಡ್ಡಪ್ಪ ಹತ್ತ್ಯಾರಣ್ಣ," ಎಂದ. "ಮರಿ ಬ್ಯಾಡ, ಸುಮ್ನ ಬಿಸಿಲಿಗೆ ಸಾಯ್ತಾವು, ಹತ್ರಿ ಅಂತ ನಾನ ಹೇಳ್ಬಂದೀನಿ."

ಇಬ್ಬರ ಫೋನೂ ಎತ್ತುವವರಿಲ್ಲ. ಮೇಲೆ ಹತ್ತುವವರು ಫೋನ್ ಕೆಳಗಿಟ್ಟು ಹೋಗಬೇಕು. ದುರುಗೇಶ್ ಕಂಟ್ರೋಲ್ ರೂಮಿಗೆ ಮಾಡಿ ಮರಿ ಸತ್ತ ಸಂಗತಿ ಹೇಳಿದ. ಆ ಕಡೆಯ ಎಂಜಿನಿಯರ್ ನಕ್ಕದ್ದು ನನಗೂ ಕೇಳಿಸಿತು.

"ಕೋಳಿ ಮಾತು ಕೇಳಿ ಫರ್ನೇಸ್ ನಿಲ್ಸಾಕಾಗತ್ತೇನ್ರಿ? ಮೀಟರ್ ತೋರ್ಸ್ರಿ."

"ಮೀಟರ್ ಎಲ್ಲೈತ್ರಿ ಸರ್?"

"ಸಾಹೇಬ್ರ ಹತ್ರ. ಗೆಸ್ಟ್ ಹೌಸ್‌ನಾಗ ಊಟಕ್ಕ ಕುಂತಾರ. ಈಗ ಯಾರು ಹೋಗಿ ಕೇಳ್ಬೇಕು?"

ದುರುಗೇಶ್ ಫೋನ್ ಇಟ್ಟು ಬೈಕಿನ ಕೀಲಿ ತೆಗೆದುಕೊಂಡ. ನಾನು ಬೈಕಿನ ಹಿಂದಿನ ಕಂಬಿ ಹಿಡಿದೆ.

"ಮೀಟರ್ ಇಲ್ದ ಹತ್ತಬ್ಯಾಡಲೇ! ನಿನ್ನ ಕಾಲಿಗೆ ಬೀಳ್ತೀನಿ."

"ಅವರ ಊಟ ಮುಗಿಯೋತನಕ ಇವರಿಬ್ರು ಇರ್ತಾರೇನಣ್ಣ? ಕೈ ಬಿಡು." ಒಳಗೆ ನೋಡಿ ಕೂಗಿದ: "ಅತ್ತಿಗಿ, ಚಾ ಆರಾಕ ಬಿಡಬ್ಯಾಡ್ರಿ. ಸಂಬಳದ ಜಗಳ ಬಂದ್ಮ್ಯಾಲ ಮುಗಿಸ್ತೀವಿ."

ನಾನು ಆಟೋ ಹಿಡಿದು ಹಿಂದೆಯೇ ಹೋದೆ. ಪಾಸ್ ಇಲ್ಲದವನನ್ನು ಗೇಟಿನವರು ಒಳಗೆ ಬಿಡಲಿಲ್ಲ. ಬೈದೆ, ಬೇಡಿದೆ. ಅವರು ಕದಲಲಿಲ್ಲ. ಅಲ್ಲಿಂದಲೇ ಪೈಪಿನ ಏಣಿ ಕಾಣುತ್ತಿತ್ತು. ತಮ್ಮನ ಖಾಕಿ ಅಂಗಿ ದಡದಡ ಹತ್ತಿತು. ಬಹಳ ಹೊತ್ತಿನ ಮೇಲೆ ಲಿಂಗರಾಜ್ ಇಳಿದ. ಗುಡ್ಡಪ್ಪ ಮೆಟ್ಟಿಲಿನಿಂದ ಮೆಟ್ಟಿಲಿಗೆ ಜಾರುತ್ತ, ಕುಡಿದವನಂತೆ ಇಳಿದ. ಅವನನ್ನು ಮೇಲಿನಿಂದ ಹಿಡಿದಿದ್ದ ಖಾಕಿ ತೋಳೊಂದು ಅರ್ಧದಲ್ಲೇ ಹಿಂದಕ್ಕೆ ಹೋಯಿತು.

ನಾನು ಗೇಟಿನ ಸರಳು ಹಿಡಿದು, ಹೆಸರು ಹಿಡಿದು ಕೂಗಿದೆ. ದುರುಗೇಶ್ ಇಳಿದು ಬರಲಿಲ್ಲ.