ಇಲ್ಲದವರು ಹತ್ತಿದ ಬಸ್ಸು

ಸರ್ಕಾರದವರಿಗೆ ಬಸ್ಸು ಬೇಕಾದರೆ ಕೇಳುವ ಪದ್ಧತಿಯೇ ಇಲ್ಲ. ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ? ಬೆಳಿಗ್ಗೆ ಜೀಪಿನಲ್ಲಿ ಬಂದ ಸೆರೆಮನೆಯ ಅಧಿಕಾರಿ, ಸ್ಟ್ಯಾಂಡಿನಲ್ಲಿದ್ದ ಖಾಸಗಿ ಬಸ್ಸುಗಳಲ್ಲಿ ಕಿಟಕಿಗೆ ಪರದೆಯಿದ್ದ ಒಂದನ್ನು ಆರಿಸಿದ. ಕೂತಿದ್ದ ಜನರನ್ನು ಇಳಿಸಿ, ಸೆರೆಮನೆಯ ಹಿಂಬಾಗಿಲಿಗೆ ಬಾ ಎಂದು ಡ್ರೈವರನಿಗೆ ಹೇಳಿ ಹೊರಟೇಹೋದ.

ಸೆರೆಮನೆ ಎಂಬ ಮಾತು ಡ್ರೈವರನಿಗೆ ಹೊಸದಲ್ಲ. ಅವನ ಅಕ್ಕನ ಗಂಡ ಮಿಕ್ಸಿ, ಫ್ಯಾನು ರಿಪೇರಿ ಮಾಡಿಕೊಂಡಿದ್ದ ಬಡಪಾಯಿ. ಎರಡು ಮಾತು ಕೇಳಿ ಕಳಿಸುತ್ತೇವೆಂದು ಪೊಲೀಸರು ಅವನನ್ನು ಅಂಗಡಿಯಿಂದಲೇ ಎತ್ತಿಕೊಂಡು ಹೋಗಿದ್ದರು. ಅದೆಂಥ ಎರಡು ಮಾತೋ, ವರ್ಷ ಕಳೆದರೂ ಮುಗಿದಿರಲಿಲ್ಲ. ಕೇಸಿಲ್ಲ, ಕೋರ್ಟಿಲ್ಲ, ಮಾಡಿದ ತಪ್ಪೇನೆಂದು ಹೇಳುವವರಿಲ್ಲ. ಅಕ್ಕ ವಾರವಾರವೂ ಒಗೆದ ಬಟ್ಟೆಯ ಚೀಲ ಹಿಡಿದು ಸೆರೆಮನೆಯ ಮುಂಬಾಗಿಲಿಗೆ ಹೋಗುವಳು. ಕೌಂಟರಿನವನು ತಲೆಯೆತ್ತದೆ, ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎನ್ನುವನು. ಹೋದ ತಿಂಗಳಂತೂ, ಗಂಡ ಇನ್ನೆಲ್ಲೋ ಸಂಸಾರ ಹೂಡಿರಬೇಕು ಹುಡುಕಮ್ಮ ಎಂದು ಹಲ್ಲು ಕಿರಿದನಂತೆ. ಅವನ ನಾಲಿಗೆಗೆ ಹುಳ ಬೀಳ! ಅಕ್ಕ ಅಳಲಿಲ್ಲ. ಮನೆಗೆ ಬಂದು ಅದೇ ಒಗೆದ ಬಟ್ಟೆಯನ್ನು ಮತ್ತೆ ಒಗೆದಳು.

ಹಿಂಬಾಗಿಲಲ್ಲಿ ಅಧಿಕಾರಿ ಕೆಲಸ ಹೇಳಿದ. ಕೈದಿಗಳ ಹಕ್ಕುಗಳನ್ನು ನೋಡುವ ತಂಡವೊಂದು ಹೊರದೇಶದಿಂದ ಬಂದಿದೆ, ಸಂಜೆಯವರೆಗೂ ಒಳಗೆ ತಪಾಸಣೆ ಮಾಡುತ್ತದೆ. ಅಲ್ಲಿಯವರೆಗೆ ಬಸ್ಸು ಊರ ಹೊರಸುತ್ತಿನ ರಸ್ತೆಯಲ್ಲಿ ಸುತ್ತುತ್ತಲೇ ಇರಬೇಕು, ಎಲ್ಲೂ ನಿಲ್ಲಬಾರದು. ಆಮೇಲೆ, ತಂಡದ ಕಣ್ಣಿಗೆ ಬೀಳಬಾರದ, ಪುಸ್ತಕದಲ್ಲಿ ಹೆಸರೇ ಇಲ್ಲದ ಕೈದಿಗಳನ್ನು ಒಬ್ಬೊಬ್ಬರನ್ನಾಗಿ ಹತ್ತಿಸಿದರು. ನೋಡಿದವರಿಗೆ ಅನುಮಾನ ಬರಬಾರದಲ್ಲ, ಕೈಕೋಳವಿರಲಿಲ್ಲ, ಎಲ್ಲರಿಗೂ ಹೊಸ ಅಂಗಿ. ಬಿಸಿಲು ಕಂಡು ಎಷ್ಟು ಕಾಲವಾಗಿತ್ತೋ ಏನೋ, ಕಣ್ಣು ಕಿರಿದುಮಾಡಿಕೊಂಡು ಮೆಟ್ಟಿಲು ತಡಕುತ್ತ ಹತ್ತಿದರು. ಅವರಲ್ಲಿ ಭಾವನೂ ಇದ್ದ. ಅರ್ಧ ಆಳಾಗಿದ್ದ. ಭಾಮೈದನನ್ನು ನೋಡಿದ, ನೋಡದವನ ಹಾಗೆ ಹಿಂದೆ ಹೋಗಿ ಕೂತ.

ಕೈದಿಯ ನೆಂಟನ ಕೈಗೇ ಬಸ್ಸು ಕೊಟ್ಟಿದ್ದೇವೆಂದು ಸೆರೆಮನೆಯವರಿಗೆ ಗೊತ್ತಾಗಬೇಡವೇ? ಹೇಗೆ ಗೊತ್ತಾಗಬೇಕು? ಆ ಮನುಷ್ಯ ಇಲ್ಲಿ ಇಲ್ಲವೇ ಇಲ್ಲ ಎಂದು ವರ್ಷವಿಡೀ ಸಾಧಿಸಿದವರು ಅವರೇ. ಇಲ್ಲದವನಿಗೆ ಹೆಂಡತಿ ಎಲ್ಲಿಂದ, ಹೆಂಡತಿಯ ತಮ್ಮ ಎಲ್ಲಿಂದ? ತಾವೇ ತೋಡಿದ ಹಳ್ಳಕ್ಕೆ ತಾವೇ ಕಾಲಿಟ್ಟಿದ್ದರು.

ಬಸ್ಸು ಸುತ್ತತೊಡಗಿತು. ಮಫ್ತಿಯ ಪೊಲೀಸರಿಬ್ಬರು ಚೀಲದಲ್ಲಿ ಬಂದೂಕಿಟ್ಟುಕೊಂಡು ಕೂತಿದ್ದರು, ಒಬ್ಬ ಮುಂದೆ, ಒಬ್ಬ ಹಿಂದೆ. ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲಿ ಕೈದಿಗಳಲ್ಲೊಬ್ಬರಾದ ಮುದುಕ ವಕೀಲರು. ಅವರು ತಮ್ಮಷ್ಟಕ್ಕೆ ಹೇಳಿಕೊಂಡ ಹಾಗೆ, ಆದರೆ ಬಸ್ಸಿಗೆಲ್ಲ ಕೇಳುವಂತೆ ಹೇಳಿದರು: "ಆ ತಂಡದವರು ನಮ್ಮ ಹೆಸರು ಬರ್ಕೊಂಡ್ರೆ ಸಾಕು. ಆಮೇಲೆ ನಮ್ಮನ್ನ ಇಲ್ಲ ಅನ್ನೋಕಾಗಲ್ಲ. ಯಾಕೆ ಹಿಡಿದ್ವಿ ಅಂತ ಹೇಳ್ಬೇಕು, ಜಡ್ಜ್ ಮುಂದೆ ನಿಲ್ಲಿಸ್ಬೇಕು. ಹಾಗಂತ ಎಲ್ಲಾ ದೇಶಗಳ ಎದುರು ನಮ್ಮ ಸರ್ಕಾರಾನೂ ಸಹಿ ಹಾಕಿದೆ."

ಮುಂದಿದ್ದ ಪೊಲೀಸ್ ಎದ್ದು ಬಂದು ಮೊಣಕೈಯಿಂದ ವಕೀಲರ ಬಾಯಿಗೆ ಗುದ್ದಿದ. ಬಿಳಿ ಕೂದಲಿನ ಮನುಷ್ಯ, ಅಪ್ಪನ ವಯಸ್ಸು. ಹೊಸ ಅಂಗಿಯ ಮೇಲೆ ರಕ್ತ ಸುರಿದದ್ದನ್ನು ಡ್ರೈವರ್ ಕನ್ನಡಿಯಲ್ಲಿ ನೋಡಿದ. ಅವನೇನು ಶೂರನಲ್ಲ. ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ, ತಾನೂ ಒಳಗೆ ಹೋದರೆ ಅಕ್ಕನಿಗೆ ಯಾರು ಗತಿ ಎಂದು ಒಂದು ಸುತ್ತಿನುದ್ದಕ್ಕೂ ಯೋಚಿಸಿದ. ಸಂಜೆ ಇವರನ್ನೆಲ್ಲ ಮತ್ತೆ ಅದೇ ಹಿಂಬಾಗಿಲಲ್ಲಿ ಇಳಿಸಿ, ರಾತ್ರಿ ಅಕ್ಕನ ಮುಖ ಹೇಗೆ ನೋಡಲಿ ಎಂದೂ ಅನ್ನಿಸಿತು.

ಬಿಸಿಲು ಇಳಿದಿತ್ತು. ಮುಂದಿನ ಸುತ್ತಿನಲ್ಲಿ, ಸೆರೆಮನೆಯ ಮುಂಬಾಗಿಲಿಗೆ ಇಳಿಜಾರಿನ ದಾರಿ ಒಡೆಯುವಲ್ಲಿ, ತಂಡದವರು ಹೊರಗೆ ಬಂದು ಕಾರು ಹತ್ತುತ್ತಿದ್ದದ್ದು ಕಾಣಿಸಿತು. ಅವರು ಹೊರಟರೆ ಮುಗಿಯಿತು. ಡ್ರೈವರ್ ಸ್ಟಿಯರಿಂಗ್ ತಿರುಗಿಸಿದ.

"ಬ್ರೇಕ್ ಹಿಡೀತಿಲ್ಲ ಸಾರ್, ಗಟ್ಟಿಯಾಗಿ ಹಿಡ್ಕೊಳ್ಳಿ."

ಗುದ್ದುವಾಗಿನ ಪೌರುಷ ಎಲ್ಲಿ ಹೋಯಿತೋ, ಪೊಲೀಸ್ ಎರಡೂ ಕೈಯಲ್ಲಿ ಕಂಬಿ ತಬ್ಬಿಕೊಂಡ. ಅವನ ಚೀಲ ಜಾರಿ ಸೀಟಿನಡಿ ಸೇರಿತು. ಹಿಂದಿನವನು ದೇವರ ಜಪ ಶುರುಮಾಡಿದ. ಹಿಡಿಯದ ಬ್ರೇಕು ಕರಾರುವಾಕ್ಕಾಗಿ ತಂಡದ ಕಾರುಗಳ ಮುಂದೆ ಹಿಡಿಯಿತು. ಡ್ರೈವರ್ ಬಾಗಿಲು ತೆರೆದು, ಪರದೆಗಳನ್ನೆಲ್ಲ ಸರಸರನೆ ಬದಿಗೆ ಸರಿಸಿದ.

ತಂಡದ ಹಿರಿಯ ಹೆಂಗಸಿಗೆ ಈ ಊರಿನ ಮಾತು ಬರುತ್ತಿತ್ತು. ಬೀಳ್ಕೊಡಲು ಬಂದಿದ್ದ ಅಧಿಕಾರಿಯನ್ನು, ಇವರು ಯಾರು ಎಂದು ಕೇಳಿದಳು. ಅವನಿಗೆ ಬಿಸಿತುಪ್ಪ ಬಾಯಿಗೆ ಬಿದ್ದ ಹಾಗಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಯಾರೋ ಪ್ರಯಾಣಿಕರು ಮೇಡಂ."

"ನಿಮ್ಮ ಕೈದಿಗಳಲ್ವಾ?"

"ಅಲ್ಲವೇ ಅಲ್ಲ."

ವಕೀಲರು ಬಾಯಿ ಒರೆಸಿಕೊಂಡು ಎದ್ದು ನಿಂತರು. "ಕೇಳಿಸ್ತಲ್ಲ? ನಾವು ಪ್ರಯಾಣಿಕರಂತೆ. ಸ್ಟಾಪ್ ಬಂತು, ಇಳೀರಿ."

ಇಳಿದರು. ಆ ಹೆಂಗಸಿಗೆ ಒಬ್ಬೊಬ್ಬರೂ ತಮ್ಮ ಹೆಸರು ಹೇಳಿ, ಅವಳು ಬರೆದುಕೊಳ್ಳುವವರೆಗೂ ಕಾದು ಮುಂದೆ ಹೋದರು. ಅಷ್ಟು ಜನರ ಎದುರು ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ. ತಪಾಸಣೆಯ ದಿನವೆಂದು ಕೈದಿಗಳ ಮನೆಯವರನ್ನೆಲ್ಲ ರಸ್ತೆಯಾಚೆಗೆ ಅಟ್ಟಿದ್ದರು. ಅಲ್ಲಿಂದ ಅಕ್ಕ ಓಡಿಬಂದಳು. ಭಾವನ ಮುಖ, ತೋಳು, ಬೆನ್ನು ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

ಅಧಿಕಾರಿಯ ಸಿಟ್ಟೆಲ್ಲ ಡ್ರೈವರನ ಮೇಲೆ ತಿರುಗಿತು. ಕೊರಳಪಟ್ಟಿ ಹಿಡಿದು ಕೆಳಗೆ ಎಳೆದ.

"ಮೇಡಂ, ಒಳಗೆ ಹಾಕೋಕೆ ಮುಂಚೆ ನನ್ನ ಹೆಸರೂ ಬರ್ಕೊಳ್ಳಿ," ಎಂದ ಡ್ರೈವರ್. ತನ್ನ ಹೆಸರು, ಅಪ್ಪನ ಹೆಸರು, ಬೀದಿಯ ಹೆಸರು ಎಲ್ಲ ಹೇಳಿದ.

ಬರೆದುಕೊಂಡ ಹೆಂಗಸು, ಇವನನ್ನು ಯಾವ ತಪ್ಪಿಗೆ ಹಿಡಿದಿದ್ದೀರಿ ಎಂದು ಅಧಿಕಾರಿಯನ್ನು ಕೇಳಿದಳು. ಏನೆಂದು ಹೇಳಿಯಾನು? ಕೈದಿಗಳನ್ನು ಬಿಡಿಸಿದ ಎನ್ನಬೇಕಾದರೆ ಅವರು ಕೈದಿಗಳೆಂದು ಒಪ್ಪಬೇಕು. ಹಿಡಿದ ಕೈಯನ್ನಂತೂ ಸಡಿಲಿಸಲಿಲ್ಲ. ಡ್ರೈವರನನ್ನು ಎಳೆದುಕೊಂಡೇ ಒಳಗೆ ಹೋದ.

ಅಕ್ಕ ಗಂಡನ ಕೈ ಬಿಟ್ಟಳು. ನೇರ ಹೋಗಿ ಮುಂಬಾಗಿಲಿಗೆ ಅಡ್ಡವಾಗಿ ನೆಲದ ಮೇಲೆ ಕೂತಳು.

"ನನ್ನ ತಮ್ಮ ಒಳಗಿದ್ದಾನೆ. ಕಣ್ಣಾರೆ ನೋಡಿದೀನಿ. ಈಗ ಇಲ್ಲ ಅನ್ನಿ, ನೋಡೋಣ."

ಭಾವ ಒಮ್ಮೆ ರಸ್ತೆಯ ಕಡೆ ನೋಡಿದ. ಮನೆಗೆ ಹೋಗುವ ದಾರಿ ತೆರೆದೇ ಇತ್ತು. ಅವನು ಬಂದು ಹೆಂಡತಿಯ ಪಕ್ಕದಲ್ಲಿ ಕೂತ.